ಇಂಗ್ಲಿಷ್ ಗ್ರಾಮರ್: 'ಐ ಕುಡ್‌ನಾಟ್ ಅಗ್ರೀ ಮೋರ್' ಅಂದ್ರೆ ಒಪ್ಪಲ್ಲ ಅಂತಲ್ಲ! ಹೋಲಿಕೆಯ ಈಡಿಯಮ್‌ಗಳನ್ನು ಅರ್ಥ ಮಾಡಿಕೊಳ್ಳೋದು ಹೇಗೆ?

ಕೆಲಸದ ಇಂಟರ್‌ವ್ಯೂನಲ್ಲಿ ಕೂತಿದ್ದೀರಿ ಎಂದುಕೊಳ್ಳಿ. ನಿಮ್ಮ ಉತ್ತರ ಕೇಳಿ ಎದುರಿಗಿದ್ದ ಅಧಿಕಾರಿ 'ಐ ಕುಡ್‌ನಾಟ್ ಅಗ್ರೀ ಮೋರ್' ಎನ್ನುತ್ತಾರೆ. 'ಕುಡ್‌ನಾಟ್' ಎಂಬ ಶಬ್ದ ಕಿವಿಗೆ ಬಿದ್ದ ತಕ್ಷಣ ನಿಮ್ಮ ಮುಖ ಬಾಡುತ್ತದೆ. ಹೇಳಿದ್ದನ್ನು ತಿದ್ದಲು ಹೊರಡುತ್ತೀರಿ. ಅಸಲಿಗೆ ಅವರು ಹೇಳಿದ್ದು 'ನಿಮ್ಮ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ' ಎಂದು! ಸರಿಯಾಗಿದ್ದ ಉತ್ತರವನ್ನು ಕೆಡಿಸಿದ್ದು ನಿಮ್ಮ ಜ್ಞಾನದ ಕೊರತೆಯಲ್ಲ, ಹೋಲಿಕೆಯ ಒಂದು ಈಡಿಯಮ್.

ಇಂಗ್ಲಿಷ್‌ನಲ್ಲಿ ಎರಡು ವಸ್ತು, ಇಬ್ಬರು ವ್ಯಕ್ತಿ ಅಥವಾ ಎರಡು ಸ್ಥಿತಿಗಳನ್ನು ಹೋಲಿಸುತ್ತಲೇ ನುಡಿಗಟ್ಟಾಗಿ ಗಟ್ಟಿಯಾಗಿಬಿಟ್ಟ ಮಾತುಗಳು ನೂರಾರಿವೆ. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸಿಜಿಎಲ್ ಇರಲಿ, ಸೇನೆಗೆ ಸೇರುವವರು ಬರೆಯುವ ಸಿಡಿಎಸ್, ಎನ್‌ಡಿಎ ಇರಲಿ, ಇಂಗ್ಲಿಷ್ ಭಾಗದಲ್ಲಿ ಈಡಿಯಮ್‌ಗಳ ಪ್ರಶ್ನೆ ಬರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಉಂಟು. ಊಹೆ ಮಾಡಿ ಗುರುತು ಹಾಕುವಂತಿಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು ಓದಿದವರಲ್ಲಿ ಬಹಳಷ್ಟು ಮಂದಿ ಎಬಿಸಿಡಿ ಬರೆದದ್ದೇ 5ನೇ ತರಗತಿಯಲ್ಲಿ. ಇಂಥ ಅಭ್ಯರ್ಥಿಗಳು ವ್ಯಾಕರಣದ ನಿಯಮಗಳನ್ನು ಹೇಗೋ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಈಡಿಯಮ್ ಬಂದಾಗ ಮಾತ್ರ ಎಡವುತ್ತಾರೆ. ಯಾಕೆ? ಇಲ್ಲಿದೆ ವಿವರ.

'ಗಿಂತ' ಇದ್ದರೆ ಸಾಕು, ಅದೇ ನಮ್ಮ ಸಮಸ್ಯೆ

ಕನ್ನಡದಲ್ಲಿ ಹೋಲಿಕೆ ಬಹಳ ಸರಳ. 'ರಾಮ ಎತ್ತರ', 'ರಾಮ ಸೋಮನಿಗಿಂತ ಎತ್ತರ', 'ರಾಮ ಎಲ್ಲರಿಗಿಂತ ಎತ್ತರ'. ಮೂರೂ ಕಡೆ 'ಎತ್ತರ' ಎಂಬ ಶಬ್ದ ಒಂದಿಷ್ಟೂ ಬದಲಾಗಲಿಲ್ಲ. ಕೆಲಸವನ್ನೆಲ್ಲ ಮಾಡಿದ್ದು 'ಗಿಂತ'. ಇಂಗ್ಲಿಷ್‌ನಲ್ಲಿ ಹಾಗಲ್ಲ. 'ಟಾಲ್' ಇದ್ದದ್ದು 'ಟಾಲರ್' ಆಗಬೇಕು, ಜೊತೆಗೆ 'ದ್ಯಾನ್' ಬರಬೇಕು, ಎಲ್ಲರಿಗಿಂತ ಎಂದಾಗ 'ಟಾಲೆಸ್ಟ್' ಆಗಿ ಮುಂದೆ 'ದಿ' ಸೇರಬೇಕು. ಎರಡು ಕಡೆ ಬದಲಾವಣೆ ಮಾಡುವ ಅಭ್ಯಾಸ ನಮಗಿಲ್ಲ. ಹೀಗಾಗಿ 'ರಾಮ ಈಸ್ ಟಾಲ್ ದ್ಯಾನ್ ಸೋಮ' ಎನ್ನುತ್ತೇವೆ. ಇಲ್ಲವೇ ಭಯಕ್ಕೆ ಎರಡೆರಡು ಸಲ ಸೇರಿಸಿ 'ಮೋರ್ ಬೆಟರ್', 'ಮೋರ್ ಟಾಲರ್' ಎನ್ನುತ್ತೇವೆ. ಎರಡೂ ತಪ್ಪು.

ಇದು ಕನ್ನಡಿಗರ ಪಾಡು ಮಾತ್ರವಲ್ಲ. ಮಲಯಾಳದ 'ಕ್ಕಾಳ್', ತೆಲುಗಿನ 'ಕಂಟೆ', ತಮಿಳಿನ 'ವಿಡ' ಮಾಡುವುದೂ 'ಗಿಂತ'ದ ಕೆಲಸವನ್ನೇ. ದ್ರಾವಿಡ ಭಾಷೆಗಳ ಗುಣವೇ ಅದು. ಭಾಷಾ ವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಹೆಸರಿನ ಪುಸ್ತಕವನ್ನೇ ಬರೆದರು. ಇಂಗ್ಲಿಷ್ ಅಥವಾ ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸಿ ನೋಡುವುದು ಸರಿಯಲ್ಲ ಎಂಬುದು ಅವರ ವಾದ. ಅದನ್ನೇ ತಿರುಗಿಸಿದರೆ ಕನ್ನಡದ ಅಚ್ಚಿನಲ್ಲಿ ಇಂಗ್ಲಿಷನ್ನು ಕೂರಿಸಲೂ ಆಗದು.

ಒಂದು ಕುತೂಹಲದ ಸಂಗತಿ. ನಾವು ದಿನವೂ ಹವಾಮಾನ ಸುದ್ದಿಯಲ್ಲಿ 'ಗರಿಷ್ಠ', 'ಕನಿಷ್ಠ' ಎಂದು ಬರೆಯುತ್ತೇವಲ್ಲ, ಅದರ ಕೊನೆಯ 'ಇಷ್ಠ' ಸಂಸ್ಕೃತದ್ದು. ಇಂಗ್ಲಿಷ್‌ನ 'ಟಾಲೆಸ್ಟ್', 'ಬಿಗ್ಗೆಸ್ಟ್'ಗಳಲ್ಲಿರುವ 'ಎಸ್ಟ್' ಅದರದ್ದೇ ದೂರದ ಬಂಧು. ಎರಡೂ ಇಂಡೋ-ಯುರೋಪಿಯನ್ ಕುಟುಂಬದಿಂದ ಬಂದವು. ಗುರು ಎಂದರೆ ಭಾರ, ಗರಿಷ್ಠ ಎಂದರೆ ಅತಿ ಭಾರ. 'ಗುರುತರ ಆರೋಪ' ಎಂಬಲ್ಲಿರುವ 'ತರ' ಕೂಡ ಒಂದು ಕಾಲದಲ್ಲಿ 'ಇನ್ನೂ ಹೆಚ್ಚು ಭಾರವಾದ' ಎಂಬ ಹೋಲಿಕೆಯೇ. ಈಗ ಯಾರಿಗಿಂತ ಎಂದು ಯಾರೂ ಕೇಳುವುದಿಲ್ಲ.

ಒಂದೇ ದ್ವೀಪ, ಮೂರು ವಾಕ್ಯ

ಈಡಿಯಮ್‌ಗೆ ಹೋಗುವ ಮುನ್ನ ಹೋಲಿಕೆಯ ಚೌಕಟ್ಟು ಗಟ್ಟಿಯಾಗಿರಬೇಕು. ಅದಕ್ಕೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್ ಒಳ್ಳೆಯ ಉದಾಹರಣೆ. ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ 1920ರಲ್ಲಿ ಕೊಚ್ಚಿಗೆ ಬಂದಾಗ ಹಡಗುಗಳ ದಾರಿಗೆ ಮರಳ ದಿಬ್ಬ ಅಡ್ಡವಾಗಿತ್ತು. ಅದನ್ನು ಕಡಿದು, ಹಿನ್ನೀರಿನ ಹೂಳೆತ್ತಿ, ಆ ಮಣ್ಣನ್ನೇ ಸುರಿದು ಕಟ್ಟಿದ ನೆಲವೇ ಈ ದ್ವೀಪ. ಮದ್ರಾಸ್ ಗವರ್ನರ್ ಆಗಿದ್ದು, ಮುಂದೆ 1931ರಿಂದ 1936ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್ ಹೆಸರು ಅದಕ್ಕೆ ಬಂತು. ನೌಕಾಪಡೆಯ ದಕ್ಷಿಣ ಕಮಾಂಡ್‌ನ ಕೇಂದ್ರ ಕಚೇರಿ ಇರುವ, ನೌಕಾಪಡೆಯ ತರಬೇತಿಗೆ ಹೆಸರಾದ ಪ್ರದೇಶವಿದು.

ಈಗ ವಾಕ್ಯ ನೋಡಿ. 'ವಿಲ್ಲಿಂಗ್ಡನ್ ಐಲ್ಯಾಂಡ್ ಈಸ್ ಒನ್ ಆಫ್ ದಿ ಲಾರ್ಜೆಸ್ಟ್ ಮ್ಯಾನ್-ಮೇಡ್ ಐಲ್ಯಾಂಡ್ಸ್ ಇನ್ ಇಂಡಿಯಾ'. ಅಂದರೆ ಭಾರತದ ಅತಿ ದೊಡ್ಡ ಮಾನವ ನಿರ್ಮಿತ ದ್ವೀಪಗಳಲ್ಲಿ ಅದೂ ಒಂದು. ಇದೇ ಅರ್ಥವನ್ನು ಎರಡನೇ ರೂಪದಲ್ಲಿ ಹೇಳುವುದಾದರೆ 'ವಿಲ್ಲಿಂಗ್ಡನ್ ಐಲ್ಯಾಂಡ್ ಈಸ್ ಲಾರ್ಜರ್ ದ್ಯಾನ್ ಮೋಸ್ಟ್ ಅದರ್ ಮ್ಯಾನ್-ಮೇಡ್ ಐಲ್ಯಾಂಡ್ಸ್ ಇನ್ ಇಂಡಿಯಾ'. ಮೂರನೆಯದು 'ವೆರಿ ಫ್ಯೂ ಮ್ಯಾನ್-ಮೇಡ್ ಐಲ್ಯಾಂಡ್ಸ್ ಇನ್ ಇಂಡಿಯಾ ಆರ್ ಆಸ್ ಲಾರ್ಜ್ ಆಸ್ ವಿಲ್ಲಿಂಗ್ಡನ್ ಐಲ್ಯಾಂಡ್'.

ಇಲ್ಲಿ 'ಅದರ್' ಎಂಬ ಪುಟ್ಟ ಪದವೇ ಪರೀಕ್ಷೆಯ ಬಲೆ. 'ಲಾರ್ಜರ್ ದ್ಯಾನ್ ಎನಿ ಐಲ್ಯಾಂಡ್' ಎಂದು ಬರೆದರೆ ಆ ದ್ವೀಪ ತನಗಿಂತಲೂ ತಾನೇ ದೊಡ್ಡದು ಎಂದಂತಾಗುತ್ತದೆ. 'ಎನಿ ಅದರ್' ಬೇಕು. ಹಾಗೆಯೇ 'ದಿ ವೆದರ್ ಆಫ್ ಕೊಚ್ಚಿ ಈಸ್ ಮೋರ್ ಹ್ಯೂಮಿಡ್ ದ್ಯಾನ್ ಬೆಂಗಳೂರು' ಎಂಬುದೂ ತಪ್ಪು, ಏಕೆಂದರೆ ಇಲ್ಲಿ ಹವೆಯನ್ನು ಊರಿಗೆ ಹೋಲಿಸಲಾಗಿದೆ. 'ದ್ಯಾನ್ ದ್ಯಾಟ್ ಆಫ್ ಬೆಂಗಳೂರು' ಎನ್ನಬೇಕು. ಕನ್ನಡದಲ್ಲಿ 'ಕೊಚ್ಚಿ ಹವೆ ಬೆಂಗಳೂರಿಗಿಂತ ಸೆಕೆ' ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಇಂಗ್ಲಿಷ್ ಪರೀಕ್ಷಕರು ತೆಗೆಯುತ್ತಾರೆ.

ಇನ್ನು ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಿಫರ್. ಇವುಗಳ ಮುಂದೆ 'ದ್ಯಾನ್' ಬರುವುದಿಲ್ಲ, 'ಟು' ಬರುತ್ತದೆ. ಲ್ಯಾಟಿನ್ ಮೂಲದ ಪದಗಳು ಎಂಬುದೇ ಕಾರಣ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

'ಆಸ್... ಆಸ್' ಜೋಡಿ: ಸೌತೆಕಾಯಿ ಯಾಕೆ ತಣ್ಣಗೆ?

ಎಸ್‌ಎಸ್‌ಎಲ್‌ಸಿ ಕನ್ನಡ ಪಠ್ಯದಲ್ಲಿ ಉಪಮಾಲಂಕಾರ ಓದಿದವರಿಗೆ ಈ ಭಾಗ ಕಷ್ಟವಾಗಬಾರದು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕು ಅಂಗ ನೆನಪಿದೆಯಲ್ಲ? 'ಷಿ ಈಸ್ ಆಸ್ ಬ್ಯುಸಿ ಆಸ್ ಎ ಬೀ' ಎಂಬಲ್ಲಿ 'ಷಿ' ಉಪಮೇಯ, 'ಬೀ' ಅಂದರೆ ಜೇನುನೊಣ ಉಪಮಾನ, 'ಬ್ಯುಸಿ' ಸಮಾನಧರ್ಮ, 'ಆಸ್... ಆಸ್' ಉಪಮಾವಾಚಕ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಅಲಂಕಾರಗಳ ಚರ್ಚೆಯಿದೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶನಿಗೆ 'ಉಪಮಾಲೋಲ' ಎಂಬ ಬಿರುದೇ ಇದೆ. ಹೋಲಿಕೆ ನಮಗೆ ಹೊಸದೇನಲ್ಲ.

ವ್ಯತ್ಯಾಸ ಇರುವುದು ಇಲ್ಲಿ. ಕವಿ ತನಗೆ ಬೇಕಾದ ಉಪಮಾನ ಹುಡುಕಿಕೊಳ್ಳಬಹುದು. ಈಡಿಯಮ್ ಬಳಸುವವರು ಹುಡುಕುವಂತಿಲ್ಲ. 'ಆಸ್ ಕೂಲ್ ಆಸ್ ಎ ಕುಕಂಬರ್' ಎಂದರೆ ಗಾಬರಿಯಾಗದೆ ಶಾಂತವಾಗಿರುವುದು. ಕುಂಬಳಕಾಯಿಯೂ ತಣ್ಣಗೇ ಇರುತ್ತದೆ ಎಂದು ಸೌತೆಕಾಯಿ ಬದಲು ಅದನ್ನು ಹಾಕಲಾಗದು. ಹಾಗೆ ನೋಡಿದರೆ ಇಂಥ ಬಹುತೇಕ ಜೋಡಿಗಳನ್ನು ಹಿಡಿದಿಟ್ಟಿರುವುದು ಅರ್ಥಕ್ಕಿಂತ ಹೆಚ್ಚಾಗಿ ಶಬ್ದ. ಬ್ಯುಸಿ-ಬೀ, ಕೂಲ್-ಕುಕಂಬರ್, ಫಿಟ್-ಫಿಡ್ಲ್, ಗುಡ್-ಗೋಲ್ಡ್, ರೈಟ್-ರೈನ್, ಪ್ರೌಡ್-ಪೀಕಾಕ್, ಬೋಲ್ಡ್-ಬ್ರಾಸ್. ಎರಡೂ ಪದ ಒಂದೇ ಅಕ್ಷರದಿಂದ ಶುರುವಾಗುವುದನ್ನು ಗಮನಿಸಿ. ಬಾಯಿಪಾಠಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಕೆಲವಕ್ಕೆ ಸ್ವಾರಸ್ಯದ ಹಿನ್ನೆಲೆಯಿದೆ. 'ಆಸ್ ಡೆಡ್ ಆಸ್ ಎ ಡೋರ್‌ನೇಲ್' ಎಂದರೆ ಬಾಗಿಲ ಮೊಳೆಯಷ್ಟು ಸತ್ತದ್ದು, ಅಂದರೆ ಪೂರ್ತಿ ಸತ್ತುಹೋದದ್ದು ಎಂದರ್ಥ. 14ನೇ ಶತಮಾನದಿಂದಲೂ ಬಳಕೆಯಲ್ಲಿದೆ. ಚಾರ್ಲ್ಸ್ ಡಿಕನ್ಸ್ 1843ರ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯ ಆರಂಭದಲ್ಲೇ ಬಾಗಿಲ ಮೊಳೆಯಲ್ಲಿ ಅಂಥ ಸಾವೇನಿದೆ, ಶವಪೆಟ್ಟಿಗೆಯ ಮೊಳೆ ಎಂದಿದ್ದರೆ ಒಪ್ಪಬಹುದಿತ್ತು ಎಂದು ತಮಾಷೆ ಮಾಡುತ್ತಾನೆ. ಆದರೂ ಆ ಮಾತನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ! 'ಆಸ್ ಡೆಡ್ ಆಸ್ ಎ ಡೋಡೋ' ಬಂದದ್ದು ಮಾರಿಷಸ್‌ನಲ್ಲಿದ್ದು 17ನೇ ಶತಮಾನದಲ್ಲಿ ಅಳಿದುಹೋದ ಡೋಡೋ ಹಕ್ಕಿಯಿಂದ. ಬಳಕೆ ತಪ್ಪಿದ ತಂತ್ರಜ್ಞಾನ, ಕೈಬಿಟ್ಟ ಯೋಜನೆಗಳ ಬಗ್ಗೆ ಬರೆಯುವಾಗ ಇಂಗ್ಲಿಷ್ ಪತ್ರಿಕೆಗಳು ಇದನ್ನು ಬಳಸುತ್ತವೆ. 'ಆಸ್ ಬ್ಲೈಂಡ್ ಆಸ್ ಎ ಬ್ಯಾಟ್' ಮಾತ್ರ ಬಾವಲಿಗೆ ಮಾಡಿದ ಅನ್ಯಾಯ. ಬಾವಲಿ ಕುರುಡಲ್ಲ, ಅದಕ್ಕೆ ಕಣ್ಣು ಕಾಣಿಸುತ್ತದೆ. ಈಡಿಯಮ್‌ಗೆ ಜೀವವಿಜ್ಞಾನ ಬೇಕಿಲ್ಲ.

ಎಚ್ಚರ ಬೇಕಾದದ್ದು ವ್ಯಂಗ್ಯದ ಹೋಲಿಕೆಗಳಲ್ಲಿ. 'ಆಸ್ ಕ್ಲಿಯರ್ ಆಸ್ ಕ್ರಿಸ್ಟಲ್' ಎಂದರೆ ಸ್ಫಟಿಕದಷ್ಟು ಸ್ಪಷ್ಟ. ಆದರೆ 'ಆಸ್ ಕ್ಲಿಯರ್ ಆಸ್ ಮಡ್' ಎಂದರೆ ಕೆಸರಿನಷ್ಟು ಸ್ಪಷ್ಟ, ಅಂದರೆ ಒಂದಕ್ಷರವೂ ಅರ್ಥವಾಗಲಿಲ್ಲ ಎಂದು. 'ಕ್ಲಿಯರ್' ಎಂಬ ಪದ ನೋಡಿ 'ಸ್ಪಷ್ಟ' ಎಂಬ ಆಯ್ಕೆಗೆ ಗುರುತು ಹಾಕಿದರೆ ಅಂಕ ಹೋಯಿತು.

ಇನ್ನೊಂದು, ಆರ್ಟಿಕಲ್. ಎಣಿಸಬಹುದಾದ ವಸ್ತು ಬಂದಾಗ 'ಎ' ಬೇಕು. 'ಆಸ್ ಸ್ಟಬರ್ನ್ ಆಸ್ ಎ ಮ್ಯೂಲ್', ಅಂದರೆ ಹೇಸರಗತ್ತೆಯಷ್ಟು ಹಟಮಾರಿ. ಎಣಿಸಲಾಗದ್ದಕ್ಕೆ ಬೇಡ. 'ಆಸ್ ಗುಡ್ ಆಸ್ ಗೋಲ್ಡ್' ಸರಿ, 'ಎ ಗೋಲ್ಡ್' ತಪ್ಪು. ಮಾತಾಡುವಾಗ ಮೊದಲ 'ಆಸ್' ಬಿಟ್ಟು 'ಗುಡ್ ಆಸ್ ಗೋಲ್ಡ್' ಎನ್ನುವುದುಂಟು. ಬರೆಯುವಾಗ ಎರಡೂ ಇರಲಿ.

ಮತ್ತಿ ಮೀನಿನ ಡಬ್ಬಿ, ನಮ್ಮೂರ ಬಸ್ಸು

'ಲೈಕ್' ಬಳಸುವ ಹೋಲಿಕೆಗಳು ಇನ್ನೂ ರುಚಿ. 'ಪ್ಯಾಕ್ಡ್ ಲೈಕ್ ಸಾರ್ಡೀನ್ಸ್' ಎಂದರೆ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿದ ಸಾರ್ಡೀನ್ ಮೀನಿನಂತೆ ಜನ ತುಂಬಿರುವುದು. ಕೇರಳದಲ್ಲಿ ಇದೇ ಜಾತಿಯ ಮೀನು 'ಮತ್ತಿ', ಮಂಗಳೂರು ಕಡೆ 'ಬೂತಾಯಿ'. ಕೊಚ್ಚಿಯ ದೋಣಿಯಲ್ಲೋ ಸಂಜೆಯ ಬಸ್ಸಿನಲ್ಲೋ ಈ ಮಾತಿಗೆ ಅನುವಾದ ಬೇಕಾಗುವುದಿಲ್ಲ. ಬಯಲುಸೀಮೆಯ ನಾವು ಇದನ್ನೇ 'ಕುರಿ ತುಂಬಿದ ಹಾಗೆ' ಎನ್ನುತ್ತೇವೆ. ಅವರಿಗೆ ಮೀನು, ನಮಗೆ ಕುರಿ. ಕಷ್ಟ ಒಂದೇ.

ಹೀಗೆ ಕನ್ನಡದ ಜೋಡಿ ಸಿಕ್ಕಿದರೆ ಇಂಗ್ಲಿಷ್ ಈಡಿಯಮ್ ಮರೆತುಹೋಗುವುದಿಲ್ಲ. 'ಲೈಕ್ ವಾಟರ್ ಆಫ್ ಎ ಡಕ್ಸ್ ಬ್ಯಾಕ್', ಬಾತುಕೋಳಿಯ ಬೆನ್ನ ಮೇಲಿನ ನೀರು. ಎಷ್ಟು ಬೈದರೂ ನಾಟದು ಎಂದರ್ಥ. ನಮ್ಮಲ್ಲಿ 'ಕೋಣದ ಮೇಲೆ ಮಳೆ ಸುರಿದ ಹಾಗೆ'. 'ಸ್ಪ್ರೆಡ್ ಲೈಕ್ ವೈಲ್ಡ್‌ಫೈರ್' ನಮ್ಮ ಸುದ್ದಿಗಳಲ್ಲಿ 'ಕಾಳ್ಗಿಚ್ಚಿನಂತೆ ಹಬ್ಬಿತು' ಎಂದು ಎಂದೋ ಬಂದು ಕೂತಿದೆ. 'ಸೆಲ್ ಲೈಕ್ ಹಾಟ್ ಕೇಕ್ಸ್' ಕನ್ನಡ ಪತ್ರಿಕೆಗಳ ಕೈಗೆ ಸಿಕ್ಕಿ 'ಬಿಸಿ ದೋಸೆಯಂತೆ ಮಾರಾಟ'ವಾಯಿತು. ನನ್ನ ಪ್ರಕಾರ ಕನ್ನಡಕ್ಕೆ ಬಂದ ಇಂಗ್ಲಿಷ್ ಈಡಿಯಮ್‌ಗಳಲ್ಲಿ ಇಷ್ಟು ಸಲೀಸಾಗಿ ಒಗ್ಗಿದ್ದು ಬೇರೊಂದಿಲ್ಲ. 'ಎ ಡ್ರಾಪ್ ಇನ್ ದಿ ಓಷನ್' ಎಂಬುದಕ್ಕೆ 'ಸಾಗರದಲ್ಲಿ ಒಂದು ಹನಿ' ಎಂದು ಬರೆಯುವವರು 'ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ'ಯನ್ನು ಮರೆತದ್ದು ಬೇಸರದ ಸಂಗತಿ.

'ಲೈಕ್' ಮತ್ತು 'ಆಸ್' ನಡುವಿನ ಗೊಂದಲ ಮಾತ್ರ ದುಬಾರಿ. 'ಹಿ ಸ್ಪೋಕ್ ಆಸ್ ಎ ಕ್ಯಾಪ್ಟನ್' ಎಂದರೆ ಆತ ನಿಜವಾಗಿಯೂ ಕ್ಯಾಪ್ಟನ್, ಆ ಸ್ಥಾನದಲ್ಲಿ ನಿಂತು ಮಾತಾಡಿದ. 'ಹಿ ಸ್ಪೋಕ್ ಲೈಕ್ ಎ ಕ್ಯಾಪ್ಟನ್' ಎಂದರೆ ಕ್ಯಾಪ್ಟನ್ ಅಲ್ಲದಿದ್ದರೂ ಆ ತರಹ ಮಾತಾಡಿದ. ಕನ್ನಡದ 'ಆಗಿ' ಮತ್ತು 'ಹಾಗೆ' ನಡುವೆ ಇರುವಷ್ಟೇ ಅಂತರ. ಬಯೋಡೇಟಾದಲ್ಲಿ 'ಐ ವರ್ಕ್ಡ್ ಲೈಕ್ ಆನ್ ಅಕೌಂಟೆಂಟ್' ಎಂದು ಬರೆದರೆ ನೀವು ಅಕೌಂಟೆಂಟ್ ಆಗಿರಲಿಲ್ಲ ಎಂದು ನೀವೇ ಬರೆದುಕೊಟ್ಟ ಹಾಗೆ.

ದೂರ ಹೇಳುವಾಗ ಬರುವ 'ಆಸ್ ದಿ ಕ್ರೋ ಫ್ಲೈಸ್' ಕೂಡ ಇಲ್ಲೇ ಹೇಳಿಬಿಡಬೇಕು. ಕಾಗೆ ಹಾರಿದಂತೆ, ಅಂದರೆ ನೇರ ರೇಖೆಯ ದೂರ. ವಿಲ್ಲಿಂಗ್ಡನ್ ಐಲ್ಯಾಂಡ್‌ನಿಂದ ಫೋರ್ಟ್ ಕೊಚ್ಚಿ ನೀರಿನಾಚೆ ಕಣ್ಣಿಗೇ ಕಾಣುತ್ತದೆ. ದೋಣಿ ಬಿಟ್ಟು ರಸ್ತೆ ಹಿಡಿದರೆ ಸೇತುವೆ ದಾಟಿ ತೋಪ್ಪುಂಪಡಿ ಸುತ್ತಿಕೊಂಡೇ ಹೋಗಬೇಕು. ಕಾಗೆಯ ಲೆಕ್ಕಕ್ಕೂ ಆಟೋ ಮೀಟರ್ ಲೆಕ್ಕಕ್ಕೂ ಇರುವ ವ್ಯತ್ಯಾಸವೇ ಈ ಈಡಿಯಮ್‌ನ ಅರ್ಥ.

'ಇಲ್ಲ' ಎಂದರೆ 'ಹೌದು' ಆಗುವ ಜಾಗ

ಈಗ ಮೊದಲು ಹೇಳಿದ ಬಲೆಗೆ ಬರೋಣ. 'ಐ ಕುಡ್‌ನಾಟ್ ಅಗ್ರೀ ಮೋರ್' ಎಂಬುದರಲ್ಲಿ ಅರ್ಧ ಹೋಲಿಕೆ ಬಾಯಿಗೆ ಬಂದೇ ಇಲ್ಲ. 'ಈಗ ಒಪ್ಪಿರುವುದಕ್ಕಿಂತ' ಎಂಬ ಭಾಗವನ್ನು ನುಂಗಲಾಗಿದೆ. ಪೂರ್ತಿ ಬಿಡಿಸಿದರೆ 'ಈಗ ಒಪ್ಪಿರುವುದಕ್ಕಿಂತ ಹೆಚ್ಚು ಒಪ್ಪಲು ಸಾಧ್ಯವೇ ಇಲ್ಲ'. ಅಂದರೆ ತುದಿ ಮುಟ್ಟಿದ ಒಪ್ಪಿಗೆ. ಇದೇ ಸೂತ್ರ ಹಿಡಿದು ಉಳಿದವನ್ನು ನೋಡಿ. 'ಇಟ್ ಕುಡ್‌ನಾಟ್ ಬಿ ಬೆಟರ್' ಎಂದರೆ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ, ಅಂದರೆ ಅದ್ಭುತ. 'ಐ ಕುಡ್‌ನಾಟ್ ಕೇರ್ ಲೆಸ್' ಎಂದರೆ ಇದಕ್ಕಿಂತ ಕಡಿಮೆ ತಲೆಕೆಡಿಸಿಕೊಳ್ಳಲು ಆಗದು, ಅಂದರೆ ನನಗೇನೂ ಲೆಕ್ಕಕ್ಕಿಲ್ಲ. ಆರೋಗ್ಯ ವಿಚಾರಿಸಿದವರಿಗೆ 'ನೆವರ್ ಬೆಟರ್' ಎಂದು ಉತ್ತರ ಬಂದರೆ ಆಸ್ಪತ್ರೆಗೆ ಓಡಬೇಡಿ. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ ಎಂದು ಹೇಳುತ್ತಿದ್ದಾರೆ.

'ಸೆಕೆಂಡ್ ಟು ನನ್' ಕೂಡ ಹೀಗೆಯೇ. 'ಸೆಕೆಂಡ್' ಕಂಡು ಎರಡನೇ ಸ್ಥಾನ ಎಂದುಕೊಳ್ಳುವವರಿದ್ದಾರೆ. ಯಾರಿಗೂ ಎರಡನೆಯವರಲ್ಲ, ಅಂದರೆ ಮೊದಲಿಗರು. 'ಲಾಸ್ಟ್ ಬಟ್ ನಾಟ್ ಲೀಸ್ಟ್' ಎಂದು ನಿಮ್ಮನ್ನು ವೇದಿಕೆಗೆ ಕರೆದರೆ ಸರದಿಯಲ್ಲಿ ಕೊನೆ, ಮಹತ್ವದಲ್ಲಿ ಅಲ್ಲ.

ಇನ್ನು 'ಮೋರ್ ದ್ಯಾನ್ ಹ್ಯಾಪಿ ಟು ಹೆಲ್ಪ್' ಎಂದರೆ 'ಖುಷಿಯಿಂದ ಸಹಾಯ ಮಾಡುತ್ತೇನೆ', ಅಷ್ಟೇ. 'ಲೆಸ್ ದ್ಯಾನ್ ಆನೆಸ್ಟ್' ಎಂದರೆ ಸ್ವಲ್ಪ ಕಡಿಮೆ ಪ್ರಾಮಾಣಿಕ ಎಂದಲ್ಲ. ಪ್ರಾಮಾಣಿಕನಲ್ಲ ಎಂಬುದನ್ನು ನಯವಾಗಿ ಹೇಳುವ ರೀತಿ. ಕಚೇರಿ ಇಮೇಲ್‌ನಲ್ಲಿ 'ಯುವರ್ ರಿಪೋರ್ಟ್ ಈಸ್ ಲೆಸ್ ದ್ಯಾನ್ ಸ್ಯಾಟಿಸ್‌ಫ್ಯಾಕ್ಟರಿ' ಎಂದು ಬಂದರೆ ಪರವಾಗಿಲ್ಲ ಎಂದುಕೊಂಡು ಸುಮ್ಮನಿರಬೇಡಿ. ಅದು ಬೈಗುಳ. 'ಯು ಷುಡ್ ಹ್ಯಾವ್ ನೋನ್ ಬೆಟರ್' ಎಂದರೂ ಅಷ್ಟೇ. ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು ಎಂಬ ಸಲಹೆಯಲ್ಲ, 'ಅಷ್ಟೂ ಬುದ್ಧಿ ಬೇಡವಾ?' ಎಂಬ ಗದರಿಕೆ.

'ದ್ಯಾನ್' ಇರುವ ಗಾದೆಗಳು ಹೋಲಿಸಿದರೆ ಸುಲಭ. 'ಹಿಸ್ ಬಾರ್ಕ್ ಈಸ್ ವರ್ಸ್ ದ್ಯಾನ್ ಹಿಸ್ ಬೈಟ್' ನಮ್ಮ 'ಬೊಗಳೋ ನಾಯಿ ಕಚ್ಚಲ್ಲ'ದ ಹತ್ತಿರದ ನಂಟ. 'ದಿ ಗ್ರಾಸ್ ಈಸ್ ಗ್ರೀನರ್ ಆನ್ ದಿ ಅದರ್ ಸೈಡ್'ಗೆ 'ದೂರದ ಬೆಟ್ಟ ನುಣ್ಣಗೆ'. 'ಮೋರ್ ಆಫನ್ ದ್ಯಾನ್ ನಾಟ್' ಎಂದರೆ ಬಹುತೇಕ ಸಲ. 'ದಿ ಮೋರ್, ದಿ ಮೆರಿಯರ್', 'ದಿ ಸೂನರ್, ದಿ ಬೆಟರ್' ಎಂಬ ಜೋಡಿಗಳಲ್ಲಿ ಎರಡೂ ಕಡೆ 'ದಿ' ಇರಲೇಬೇಕು. ಕನ್ನಡದ 'ಎಷ್ಟು... ಅಷ್ಟು' ಮಾಡುವ ಕೆಲಸವದು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. 'ನೋ ಸೂನರ್' ಎಂದು ಶುರು ಮಾಡಿದರೆ ಮುಂದೆ 'ದ್ಯಾನ್' ಬರಬೇಕೇ ಹೊರತು 'ವೆನ್' ಅಲ್ಲ. ಪರೀಕ್ಷೆಯವರಿಗೆ ಇದು ಪ್ರಿಯವಾದ ಪ್ರಶ್ನೆ.

ಹೋಲಿಕೆಯೇ ಇಲ್ಲ ಎನ್ನುವ ಹೋಲಿಕೆ

'ಆಸ್ ಡಿಫರೆಂಟ್ ಆಸ್ ಚಾಕ್ ಅಂಡ್ ಚೀಸ್' ಎಂದರೆ ಸೀಮೆಸುಣ್ಣಕ್ಕೂ ಗಿಣ್ಣಿಗೂ ಇರುವಷ್ಟು ವ್ಯತ್ಯಾಸ. ಇಲ್ಲೂ 'ಚ'ಕಾರದ ಆಟ. ಕನ್ನಡದಲ್ಲಿ 'ಅಜಗಜಾಂತರ' ಎಂಬ ಪದವಿದೆಯಲ್ಲ, ಅಜ ಎಂದರೆ ಆಡು, ಗಜ ಎಂದರೆ ಆನೆ. ಅದರಲ್ಲೂ 'ಜ'ಕಾರದ ಪ್ರಾಸ ಇರುವುದನ್ನು ನೋಡಿದರೆ ಎಲ್ಲ ಭಾಷೆಯವರ ಕಿವಿಯೂ ಒಂದೇ ತರಹ ಕೆಲಸ ಮಾಡುತ್ತದೆ ಅನಿಸುತ್ತದೆ. 'ಹಿ ಕಾಂಟ್ ಹೋಲ್ಡ್ ಎ ಕ್ಯಾಂಡಲ್ ಟು ಹರ್' ಎಂದರೆ ಅವಳಿಗೆ ಮೇಣದಬತ್ತಿ ಹಿಡಿಯಲೂ ಅವನು ಯೋಗ್ಯನಲ್ಲ, ನಮ್ಮ ಲೆಕ್ಕದಲ್ಲಿ 'ಅವಳ ಕಾಲ ಧೂಳಿಗೂ ಸಮನಲ್ಲ'. 'ಹೆಡ್ ಅಂಡ್ ಷೋಲ್ಡರ್ಸ್ ಅಬೊವ್' ಎಂದರೆ ಉಳಿದವರಿಗಿಂತ ಬಹಳ ಮೇಲು. 'ಆ್ಯಪಲ್ಸ್ ಅಂಡ್ ಆರೆಂಜಸ್' ಎಂದರೆ ಹೋಲಿಸಬಾರದ್ದನ್ನು ಹೋಲಿಸುವುದು.

ಕೊನೆಗೆ ಸುದ್ದಿಮನೆಯ ಒಂದು ಮಾತು. ಏಜೆನ್ಸಿ ಸುದ್ದಿಗಳಲ್ಲಿ 'ಆಸ್ ಮೆನಿ ಆಸ್ 20 ಪೀಪಲ್' ಎಂದು ಬಂದಾಗ ಅದನ್ನು 'ಸುಮಾರು 20 ಮಂದಿ' ಎಂದು ಅನುವಾದಿಸಿದ್ದನ್ನು ಆಗಾಗ ಕಾಣುತ್ತೇವೆ. ಅದು ಅಂದಾಜಲ್ಲ, ಸಂಖ್ಯೆ ದೊಡ್ಡದು ಎಂಬ ಒತ್ತು. '20 ಮಂದಿ' ಎಂದು ಬರೆದರೆ ಸಾಕು, ಒತ್ತು ಬೇಕಿದ್ದರೆ 'ಬರೋಬ್ಬರಿ 20 ಮಂದಿ' ಎನ್ನಬಹುದು. ಅಪಘಾತದ ಸುದ್ದಿಯಲ್ಲಿ ಮಾತ್ರ 'ಬರೋಬ್ಬರಿ' ಬೇಡ. 'ಆಸ್ ಗುಡ್ ಆಸ್ ಡೆಡ್' ಎಂಬುದನ್ನಂತೂ ಇನ್ನೂ ಜೋಪಾನವಾಗಿ ನೋಡಬೇಕು. 'ಆಸ್ ಗುಡ್ ಆಸ್' ಎಂದರೆ 'ಹೆಚ್ಚುಕಡಿಮೆ ಆದಂತೆಯೇ' ಎಂದರ್ಥ. ಒಪ್ಪಂದ 'ಆಸ್ ಗುಡ್ ಆಸ್ ಡನ್' ಎಂದರೆ ಬಹುತೇಕ ಮುಗಿದಿದೆ, ಸಹಿ ಇನ್ನೂ ಬಿದ್ದಿಲ್ಲ. ಹಾಗೆಯೇ 'ಆಸ್ ಗುಡ್ ಆಸ್ ಡೆಡ್' ಆಗಿರುವ ವ್ಯಕ್ತಿ ಇನ್ನೂ ಬದುಕಿದ್ದಾನೆ. ಹೆಡ್‌ಲೈನ್ ಬರೆಯುವ ಮೊದಲು ಆ ವ್ಯತ್ಯಾಸ ಗೊತ್ತಿರಬೇಕು.